ದಿಬ್ಬದಂಚಿನ ಸೀರೆ

ಚಳ್ಳಕೆರೆ, ಕ್ಯಾಂಪಸ್ ಕ್ವಾರ್ಟರ್ಸ್
18 ನವೆಂಬರ್ 2024

ಪ್ರೀತಿಯ ಅತ್ತೆಯವರ ಪಾದಗಳಿಗೆ ದಿವ್ಯಾಳ ನಮಸ್ಕಾರ. ಮಾವನವರಿಗೂ ತಿಳಿಸಿ. ನಾದಿನಿ ಶ್ರುತಿಗೆ ನನ್ನ ನೆನಪು.

ದೀಪಾವಳಿಗೆ ನೀವು ಮಾಡಿದ ಫೋನಿಗೆ ಈ ಕಾಗದವೇ ಉತ್ತರ ಎಂದರೆ ನಗುತ್ತೀರಿ. ಹಬ್ಬ ಮುಗಿದು ಹಣತೆಯ ಎಣ್ಣೆಯೂ ಒಣಗಿದ ಮೇಲೆ ಬರೆಯಲು ಕೂತಿದ್ದೇನೆ. ತಡವಾಯಿತು, ಬೈದುಬಿಡಿ. ಫೋನಿನಲ್ಲಾದರೆ ನೀವು ಅಳುತ್ತೀರಿ, ನನಗೆ ಮಾತು ಹೊರಡುವುದಿಲ್ಲ, ಆಮೇಲೆ ಇಬ್ಬರೂ ಸುಮ್ಮನೆ ನಿಮ್ಮ ಮನೆಯ ಮಗ್ಗದ ಸದ್ದು ಕೇಳಿಕೊಂಡು ಕೂರುತ್ತೇವೆ. ಕಾಗದದಲ್ಲಿ ನನ್ನ ಮಾತು ಕೊನೆಯವರೆಗೆ ಹೋಗುತ್ತದೆ. ನೀವು ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದುವವರು, ಅದಕ್ಕೇ ದಪ್ಪಕ್ಷರದಲ್ಲಿ ಬರೆಯುತ್ತಿದ್ದೇನೆ. ನಾನು ತೆಲುಗು ಮಾತಾಡಿದರೆ ನೀವು ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತೀರಿ, ಬರೆಯುವುದಂತೂ ಬರುವುದೇ ಇಲ್ಲ, ಹಾಗಾಗಿ ಕನ್ನಡವೇ ಗತಿ.

ಇನ್ನೊಂದು ಮಾತು. ನಿಮ್ಮ ಮಗನನ್ನು ನಿಮ್ಮೆದುರಿಗೆ ‘ಅವರು’ ಎನ್ನಬೇಕೆಂದು ಮದುವೆಯಾದ ಹೊಸದರಲ್ಲಿ ಹೇಳಿಕೊಟ್ಟಿರಿ. ನಾಲಿಗೆ ಕಲಿಯಿತು, ಕೈ ಕಲಿಯಲಿಲ್ಲ. ಕಾಗದದಲ್ಲಿ ನಾಗಾರ್ಜುನ ‘ಅವನು’ ಆಗಿಯೇ ಬರುತ್ತಾನೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ನಾನು ಚೆನ್ನಾಗಿದ್ದೇನೆ. ಬರೆಯುವ ರೂಢಿಗೆ ಬರೆದದ್ದಲ್ಲ, ನಿಜವಾಗಿಯೂ ನನಗೆ ಏನೂ ಆಗಿಲ್ಲ. ಊಟ ಸೇರುತ್ತದೆ, ನಿದ್ದೆ ಬರುತ್ತದೆ. ಲ್ಯಾಬಿನಲ್ಲಿ ಯಾರಾದರೂ ತಮಾಷೆ ಮಾಡಿದರೆ ಎಲ್ಲರ ಜೊತೆ ನಾನೂ ನಗುತ್ತೇನೆ. ಹಲ್ಲು ಕೀಳುವ ಮುಂಚೆ ಇಂಜೆಕ್ಷನ್ ಕೊಟ್ಟ ದವಡೆಯ ಹಾಗಿದೆ ಒಳಗೆಲ್ಲ. ಮುಟ್ಟಿದ್ದು ಗೊತ್ತಾಗುತ್ತದೆ, ನೋವು ಗೊತ್ತಾಗುವುದಿಲ್ಲ. ಆಗಸ್ಟಿನಲ್ಲಿ ಡೆಂಗಿ ವಾರ್ಡಿನಿಂದ ಅವನನ್ನು ಮೊಳಕಾಲ್ಮುರಿಗೆ ತಂದ ದಿನ ಹೆಂಡತಿಯ ಕಣ್ಣಲ್ಲಿ ಒಂದು ಹನಿ ಇರಲಿಲ್ಲ ಎಂದು ನಿಮ್ಮ ಬೀದಿಯ ಹೆಂಗಸರು ಆಡಿಕೊಂಡರಂತೆ. ಅವರು ಸುಳ್ಳು ಹೇಳಿಲ್ಲ. ನನಗೂ ನನ್ನ ಮೇಲೆ ಅದೇ ಬೇಜಾರು.

ಮೊನ್ನೆ ಅಪ್ಪ ಗಿಣ್ಣು ತಂದಿದ್ದ. ಗೇಟಿನಲ್ಲಿ ಸೆಕ್ಯೂರಿಟಿಯವನ ಜೊತೆ ಅವನ ಜಗಳ ದಿನಾ ಇದ್ದದ್ದೇ. ವರವು ಕಾವಲ್‌ನಲ್ಲಿ ಹುಟ್ಟಿದಾಗಿನಿಂದ ಕುರಿ ಮೇಯಿಸಿದವನಿಗೆ, ಆ ಹುಲ್ಲುಗಾವಲಿನಲ್ಲಿ ಈ ಕ್ಯಾಂಪಸ್ ಎದ್ದ ಮೇಲೆ, ಬೇಲಿಯ ಹೊರಗಷ್ಟೇ ಜಾಗ. “ನಮ್ ಕುರಿ ಒಳಿಕ್ಕೆ ಬರಂಗಿಲ್ಲ, ನಮ್ ಮಗಳು ಬರಬೌದು. ಇದ್ಯಾವ ಸೀಮೆ ಕಾನೂನ್ಲೇ?” ಎಂದು ಅವನನ್ನು ಕೇಳುತ್ತಿದ್ದ. ನನ್ನ ಕೈಗೆ ಡಬ್ಬಿ ಕೊಟ್ಟು, “ನಿಮ್ಮತ್ತೆಗೆ ಒಂದ್ ಕಾಗ್ದ ಹಾಕವ್ವ. ಮಗನ್ನ ಕಳ್ಕಂಡೈತೆ ಆಯಮ್ಮ, ನೀನು ಮಾತಾಡಿದ್ರೆ ಒಸಿ ತಡ್ಕಂತೈತೆ” ಎಂದ. ನಾನು ಈ ಕಾಗದಕ್ಕೆ ಕೂತದ್ದು ಅವನ ಮಾತಿಗೆ.

ನೇಕಾರರ ಸೊಸೈಟಿಯ ಬೊಮ್ಮಲಿಂಗಪ್ಪನವರು ಫೋನ್ ಮಾಡಿದ್ದರು. “ನಿಮ್ಮತ್ತೆ ಓಬಳಮ್ಮೋರು ಊರಿಗೆಲ್ಲ ಹೇಳ್ಕಂಡು ಬರ್ತವ್ರೆ, ನನ್ ಮಗ ಪ್ರಪಂಚದಾಗೆ ಯಾರೂ ಕಾಣದ್ದು ಕಂಡವ್ನೆ ಅಂತ. ಏನಮ್ಮ ಅದು? ವರ್ಷದ ಕಾರ್ಯದ ದಿನ ಸೊಸೈಟಿಯಿಂದ ನಾವೂ ನಾಕು ಮಾತು ಆಡಬೇಕು” ಎಂದರು. ಅವರಿಗೆ ಏನೋ ಒಂದು ಹೇಳಿ ಫೋನಿಟ್ಟೆ. ನಿಮಗೆ ಮಾತ್ರ ನೆಟ್ಟಗೆ ಹೇಳಬೇಕು.

ಅವನು ಕುಲುಮೆಯಲ್ಲಿ ಬೆಳೆಸಿದ ಹರಳನ್ನು ನೀವು ನೋಡಿದ್ದೀರಿ, ಹೆಬ್ಬೆರಳ ತುದಿಯಷ್ಟು ದೊಡ್ಡದು, ಕಪ್ಪಗೆ. ಅದರೊಳಗೆ ಕೋಬಾಲ್ಟ್ ಎಂಬ ಲೋಹದ ಪರಮಾಣುಗಳಿವೆ, ಒಂದೊಂದೂ ಒಂದು ಪುಟ್ಟ ಅಯಸ್ಕಾಂತ. ಮಾಮೂಲಿ ಅಯಸ್ಕಾಂತದಲ್ಲಿ ಈ ಕಡೆಯಿಂದ ಆ ಕಡೆಯವರೆಗೆ ಎಲ್ಲವೂ ಒಂದೇ ದಿಕ್ಕಿಗೆ ಮುಖ ಮಾಡಿರುತ್ತವೆ. ಈ ಹರಳಿನಲ್ಲಿ ಅವು ಮೂರು ಮೂರರ ಗುಂಪಿನಲ್ಲಿ ಕೂತಿವೆ, ಇಬ್ಬರು ಒಪ್ಪಿದರೆ ಮೂರನೆಯವನಿಗೆ ತಗಾದೆ, ಹಾಗಾಗಿ ಎಷ್ಟು ತಣ್ಣಗೆ ಮಾಡಿದರೂ ಒಮ್ಮತ ಬರುವುದಿಲ್ಲ. ಆದರೆ ಪಕ್ಕದವನಿಗೆ ಪಕ್ಕದವನು ಹೊಂದಿಕೊಂಡಿರಬಹುದಲ್ಲ ಎಂಬುದು ನಾಗಾರ್ಜುನನ ಪ್ರಶ್ನೆ. ಅಪ್ಪನ ಕುರಿಗಳು ಮಧ್ಯಾಹ್ನದ ಬಿಸಿಲಿಗೆ ನಿಲ್ಲುವುದನ್ನು ನೋಡಿದ್ದೀರಾ? ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆ ತೂರಿಸಿ ನಾಲ್ಕೈದು ಒಂದೇ ಕಡೆ ತಿರುಗಿರುತ್ತವೆ. ಆಚೆ ನಿಂತ ನಾಲ್ಕೈದು ಬೇರೆ ಕಡೆ. ಇಡೀ ಮಂದೆಗೆ ಒಂದು ದಿಕ್ಕು ಅಂತ ಇರುವುದಿಲ್ಲ. ಅದನ್ನು ನಾವು ಹತ್ತಿರದ ಶಿಸ್ತು ಎನ್ನುತ್ತೇವೆ.

ಅದು ಕಣ್ಣಿಗೆ ಕಾಣುವಂಥದ್ದಲ್ಲ. ಮುಂಬೈಯ ರಿಯಾಕ್ಟರಿನಿಂದ ನ್ಯೂಟ್ರಾನ್ ಎಂಬ ಕಣಗಳನ್ನು ಹರಳಿನ ಮೇಲೆ ಬಿಟ್ಟು ಯಾವ ಯಾವ ಕೋನಕ್ಕೆ ಎಷ್ಟೆಷ್ಟು ಚದುರಿ ಬಂದವು ಎಂದು ಎಣಿಸಬೇಕು. ಎಲ್ಲ ಅಯಸ್ಕಾಂತಗಳೂ ಒಂದೇ ಸಾಲಿನಲ್ಲಿದ್ದರೆ ಗ್ರಾಫಿನಲ್ಲಿ ಸೂಜಿಯಂಥ ಗೆರೆ ಏಳುತ್ತದೆ. ಹತ್ತಿರದವು ಮಾತ್ರ ಹೊಂದಿಕೊಂಡಿದ್ದರೆ ಅಗಲವಾದ ಒಂದು ತಗ್ಗು ದಿಬ್ಬ. ಅವನಿಗೆ ಆ ದಿಬ್ಬ ಸಿಕ್ಕಿತು. ಕಳೆದ ಜೂನಿನಲ್ಲಿ ಅದು ದೊಡ್ಡ ಪತ್ರಿಕೆಯಲ್ಲಿ ಅಚ್ಚಾಯಿತು. ಮೊದಲ ಹೆಸರು ಅವನದು, ಎರಡನೆಯದು ನನ್ನದು, ಕೊನೆಯದು ನಮ್ಮಿಬ್ಬರಿಗೂ ಗುರುಗಳಾದ ಓಂಕಾರಮೂರ್ತಿ ಸರ್ ಅವರದು.

ಆ ಗ್ರಾಫಿನ ಫೋಟೋ ಅವನು ನಿಮಗೆ ಕಳಿಸಿದ್ದು ನೆನಪಿದೆಯಲ್ಲ? “ಅಮ್ಮಾ, ನನ್ನ ಗ್ರಾಫ್ ಬಂತು ನೋಡು” ಎಂದು ಬರೆದಿದ್ದ. ನಿಮ್ಮ ಮನೆಯಲ್ಲಿ ಗ್ರಾಫ್ ಎಂದರೆ ಸೀರೆಯ ಅಂಚಿಗೆ ಚೌಕುಳಿ ಹಾಳೆಯಲ್ಲಿ ಬರೆಯುವ ಡಿಸೈನು. ಮಗ ಓದಿನ ಮಧ್ಯೆಯೂ ಒಂದು ಅಂಚು ಬರೆದನಲ್ಲ ಎಂದು ನೀವಿಬ್ಬರೂ ಹಿಗ್ಗಿ, ಅದನ್ನು ಕೊಟ್ಟು ಮಗ್ಗಕ್ಕೆ ಕೂರಿಸುವ ತೂತಿನ ಕಾರ್ಡು ಹೊಡೆಸಿಯೇಬಿಟ್ಟಿರಿ. “ಒಂದೇ ಗುಡ್ಡ ಐತಲ್ಲಪ್ಪ, ಮಿಕ್ಕಿದ್ದೆಲ್ಲ ಬೋಳು. ಒಂದ್ ಹಂಸನಾದ್ರೂ ಕೂರಿಸಬಾರದಾ?” ಎಂದು ಮಾವ ಫೋನಿನಲ್ಲಿ ಕೇಳಿದಾಗ ಅವನು ನಕ್ಕೂ ನಕ್ಕೂ ಕೆಮ್ಮು ಹತ್ತಿ ನೀರು ಕುಡಿದ. ನಾನು ವಿಷಯ ಬಿಡಿಸಿ ಹೇಳಲು ಹೋದರೆ ಫೋನ್ ಕಿತ್ತುಕೊಂಡು, “ಇರ್ಲಿ ಬಿಡೇ, ಚೆನ್ನಾಗಿರುತ್ತೆ” ಎಂದ.

ಈಗ ಆ ಕಾರ್ಡುಗಳನ್ನು ಮಗ್ಗಕ್ಕೆ ಏರಿಸಿದ್ದೀರಿ, ಆ ಸೀರೆಯನ್ನು ವರ್ಷದ ಕಾರ್ಯದ ದಿನ ನಾನೇ ಉಡಬೇಕು ಎಂದು ಶ್ರುತಿಯ ಕೈಲಿ ಹೇಳಿ ಕಳಿಸಿದ್ದೀರಿ. ಗಂಡನಿಲ್ಲದವಳಿಗೆ ರೇಷ್ಮೆಯೇ ಎಂದು ನಿಮ್ಮ ತಂಗಿ ಕೇಳಿದ್ದಕ್ಕೆ, “ನೇಯೋರು ನಾವು, ಉಡೋಳು ನನ್ ಕೋಡಲು. ನಿನ್ನದೇನಮ್ಮ ಮಧ್ಯ?” ಎಂದಿರಂತೆ. ಮದುವೆಯಾದ ಮೊದಲ ವರ್ಷವಿಡೀ ನಾನು ನಿಮಗೆ ‘ಆ ಕುರಿಯೋರ ಹುಡುಗಿ’ ಆಗಿದ್ದೆ. ಕೋಡಲು ಎಂದು ನಿಮ್ಮ ತೆಲುಗಿನಲ್ಲಿ, ನಿಮ್ಮ ಬಾಯಲ್ಲಿ, ಸೊಸೆ ಎಂಬ ಹೆಸರು ಬಂದಾಗ ಖುಷಿಯಾಗಬೇಕಿತ್ತು. ಆಗಲಿಲ್ಲ, ಆದರೆ ಆಗಬೇಕಿತ್ತು ಎಂದು ಗೊತ್ತಾಯಿತು.

ಮುಂದಿನ ತಿಂಗಳುಗಳಲ್ಲಿ ನಾನು ಮುಂಬೈಗೆ ಹೋಗಬೇಕು. ಅವನು ಅರ್ಜಿ ಹಾಕಿದ್ದ ಅಳತೆಯ ಸರದಿ ಈಗ ಬಂದಿದೆ. ಹರಳನ್ನು ಮೆಲ್ಲಗೆ ಬಿಸಿ ಮಾಡುತ್ತಾ ಹೋದರೆ ಆ ದಿಬ್ಬ ಎಲ್ಲಿ ಕರಗುತ್ತದೆ ಎಂದು ನೋಡುವುದು ಅವನ ಮುಂದಿನ ಕೆಲಸವಾಗಿತ್ತು. “ನೀನಲ್ದೆ ಇನ್ಯಾರಮ್ಮ ಮಾಡೋರು?” ಎಂದರು ಸರ್. ಅವನು ಬಿಟ್ಟುಹೋದದ್ದು ಅದೊಂದೇ, ಅದನ್ನು ಕೆಡದಂತೆ ಮುಂದಕ್ಕೆ ಒಯ್ಯುವುದು ನನ್ನ ಪಾಲಿಗೆ ಬಂದಿದೆ. ಹರಸಿ ಕಳಿಸಿ.

ನಿಮ್ಮ ಸೊಸೆ,
ದಿವ್ಯಾ


ಮುಂಬೈ, ಗೆಸ್ಟ್ ಹೌಸ್
9 ಫೆಬ್ರವರಿ 2025

ಅತ್ತೆ, ನಮಸ್ಕಾರ.

ಇಲ್ಲಿಗೆ ಬಂದು ಬಹಳ ದಿನವಾಯಿತು. ತಲುಪಿದೆ ಎಂದು ಫೋನ್ ಮಾಡಿದ್ದು ಬಿಟ್ಟರೆ ನಿಮಗೆ ಏನನ್ನೂ ತಿಳಿಸಿಲ್ಲ. ನೀವು ಮಾಡಿದ ಫೋನನ್ನೂ ಎತ್ತಲಿಲ್ಲ. ಎತ್ತಿದ್ದರೆ ‘ಹೆಂಗೈತಮ್ಮ ನಮ್ ಗುಡ್ಡ’ ಎಂದು ಕೇಳುತ್ತಿದ್ದಿರಿ. ಈ ಕಾಗದವನ್ನು ಮಾವನವರು ಪಕ್ಕದಲ್ಲಿರುವಾಗ ಓದಿ.

ದಿಬ್ಬ ಕರಗಲಿಲ್ಲ, ಅತ್ತೆ.

ಪರಮಾಣುಗಳ ಶಿಸ್ತು ಚಳಿಯಲ್ಲಿ ಮಾತ್ರ ನಿಲ್ಲುವಂಥದ್ದು. ಬಿಸಿ ಏರಿದ ಹಾಗೆ ಅವು ಕದಲಿ, ಒಬ್ಬರ ಕಡೆ ಒಬ್ಬರು ನೋಡುವುದನ್ನು ಬಿಟ್ಟು, ದಿಬ್ಬ ತಗ್ಗಿ ನೆಲಸಮ ಆಗಬೇಕು. ನಾನು ಏರಿಸುತ್ತಾ ಹೋದೆ. ಅದು ನಿಂತೇ ಇತ್ತು. ನಾವು ಕೂತಿರುವ ಕೋಣೆಯಷ್ಟು ಬೆಚ್ಚಗಾದರೂ ಒಂದು ಕೂದಲಿನಷ್ಟೂ ಇಳಿಯಲಿಲ್ಲ. ಮೊದಲು ಥರ್ಮಾಮೀಟರಿನ ಮೇಲೆ ಅನುಮಾನಪಟ್ಟೆ. ಅದನ್ನು ಬದಲಾಯಿಸಿ ನೋಡಿದೆ. ಎಣಿಸುವ ಯಂತ್ರದ ಮೇಲೆ ಅನುಮಾನಪಟ್ಟೆ. ಅದೂ ಸರಿಯಿತ್ತು. ಕೊನೆಗೆ ಹರಳು ಕೂತಿದ್ದ ಅಲ್ಯುಮಿನಿಯಂ ಡಬ್ಬಿಯನ್ನು ಹೊರಗೆ ತೆಗೆಸಿ ಮುಚ್ಚಳ ಬಿಚ್ಚಿದೆ. ನಾಗಾರ್ಜುನ ಕಟ್ಟಿಟ್ಟಿದ್ದ ಹಾಗೆಯೇ ಇತ್ತು, ಸುತ್ತಲೂ ನಿಮ್ಮ ರೇಷ್ಮೆ.

ನಿಮಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತಿದ್ದೇನೆ. ಹರಳನ್ನು ಲೋಹದ ತಂತಿಯಲ್ಲಿ ಬಿಗಿದರೆ ಚಳಿಗೆ ತಂತಿ ಕಚ್ಚಿ ಹರಳು ಸೀಳುತ್ತಿತ್ತು. ಒಂದು ಒಳ್ಳೆಯ ಹರಳು ಹಾಗೆ ಹಾಳಾದ ಮೇಲೆ ಅವನು ನಿಮಗೆ ಫೋನ್ ಮಾಡಿ ಬಣ್ಣ ಹಾಕದ ನೂಲು ಕೇಳಿದ. ನೀವು ಲಾಳಿಯ ಕಂಡಿಕೆಗೆ ಸುತ್ತಿ ಬಸ್ಸಿನಲ್ಲಿ ಕಳಿಸಿಕೊಟ್ಟಿರಿ. “ನಮ್ಮಮ್ಮನ ನೂಲು ಹಿಡಿದ್ರೆ ಬಿಡಲ್ಲ, ಆದ್ರೆ ನೋವು ಮಾಡಲ್ಲ” ಎಂದು ಲ್ಯಾಬಿನಲ್ಲಿ ಎಲ್ಲರಿಗೂ ತೋರಿಸಿ ಸುತ್ತಿದ, ಸುತ್ತಿದ್ದೂ ಧಾರಾಳವಾಗಿಯೇ. ಈ ಲೋಕದ ಯಾವ ಲ್ಯಾಬಿನಲ್ಲೂ ಹರಳಿಗೆ ಇಷ್ಟು ರೇಷ್ಮೆ ಉಡಿಸುವವರಿಲ್ಲ. ಮೊಳಕಾಲ್ಮುರಿನವನೇ ಆಗಬೇಕು.

ರೇಷ್ಮೆಯನ್ನು ಬಿಚ್ಚದೆ ಬೇರೆ ದಾರಿಯಿರಲಿಲ್ಲ. ಇಲ್ಲಿ ವಿಕಿರಣದ ಸುರಕ್ಷತೆ ನೋಡಿಕೊಳ್ಳುವ ರಾಮಾಂಜನೇಯ ಎಂಬುವರು ಅನಂತಪುರದ ಕಡೆಯವರು. ಅವರು ಕತ್ತರಿ ಕೊಟ್ಟರು. ನಾನು ಕತ್ತರಿಸಲಿಲ್ಲ. ಗಂಟು ನೀವು ಅವನಿಗೆ ಕಲಿಸಿದ್ದೇ, ಎಳೆ ತುಂಡಾದಾಗ ಹಾಕುವ ಗಂಟು. ಕೈಗವಸಿನ ಒಳಗಿಂದ ಅದನ್ನು ಬಿಡಿಸಲು ತುಂಬ ಹೊತ್ತು ಹಿಡಿಯಿತು. ಅವನ ಕೈ ಕೊನೆಗೆ ಕಟ್ಟಿದ ವಸ್ತು ಇದು ಎಂದು ತಲೆಗೆ ಹೊಳೆಯಿತು. ಹೊಳೆದದ್ದು ಅಷ್ಟೇ, ಕೈ ತನ್ನ ಪಾಡಿಗೆ ಬಿಚ್ಚುತ್ತಾ ಹೋಯಿತು. ನನ್ನ ಕೈ ನನ್ನದೇ ಎಂದು ಅನಿಸಲಿಲ್ಲ.

ಆಮೇಲೆ ಎರಡು ಅಳತೆ ಮಾಡಿದೆ. ಡಬ್ಬಿಯಲ್ಲಿ ಹರಳಿಲ್ಲದೆ ಬರೀ ರೇಷ್ಮೆ ಇಟ್ಟೆ, ದಿಬ್ಬ ಬಂತು. ರೇಷ್ಮೆಯಿಲ್ಲದೆ ಬರೀ ಹರಳು ಇಟ್ಟೆ, ಎಷ್ಟು ತಣ್ಣಗೆ ಮಾಡಿದರೂ ಬಯಲು.

ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ. ತುಂಬಿದ ಡಬ್ಬಿಯನ್ನು ಅಳೆದ ಮೇಲೆ ಖಾಲಿ ಡಬ್ಬಿಯನ್ನೂ ಅಷ್ಟೇ ಶ್ರದ್ಧೆಯಿಂದ ಅಳೆಯಬೇಕು, ಒಂದರಿಂದ ಒಂದನ್ನು ಕಳೆದರೆ ಉಳಿದದ್ದು ಹರಳಿನದು. ಕಳೆದ ಸಲ ಅವನಿಗೆ ಸಿಕ್ಕ ಸರದಿ ಚಿಕ್ಕದು, ರಿಯಾಕ್ಟರ್ ಮಧ್ಯೆ ನಿಂತೂ ಹೋಗಿತ್ತು. ಅದಕ್ಕೇ ಖಾಲಿ ಡಬ್ಬಿಯನ್ನು ಹೊಸದಾಗಿ ಅಳೆಯದೆ, ಅದರ ಹಳೆಯ ಅಳತೆಯೊಂದನ್ನೇ ಕಳೆದು ಲೆಕ್ಕ ಮಾಡಿದ. ಆ ಹಳೆಯ ಡಬ್ಬಿಯಲ್ಲಿ ರೇಷ್ಮೆ ಇರಲಿಲ್ಲ. ರೇಷ್ಮೆಯನ್ನು ಅವನು ಸಾಮಾನು ಎಂದು ಎಣಿಸಲೇ ಇಲ್ಲ ಅತ್ತೆ. ಹುಟ್ಟಿದಾಗಿನಿಂದ ಕೂದಲಲ್ಲಿ, ಅನ್ನದಲ್ಲಿ, ಹಾಸಿಗೆಯಲ್ಲಿ ರೇಷ್ಮೆಯ ಎಳೆ ನೋಡಿ ಬೆಳೆದವನು. ಅದು ಇದೆ ಎಂದು ಅವನಿಗೆ ಅನಿಸುವುದಾದರೂ ಹೇಗೆ.

ದಿಬ್ಬ ಸುಳ್ಳಲ್ಲ. ನಿಮ್ಮ ನೂಲಿನೊಳಗೂ ಕಣ್ಣಿಗೆ ಕಾಣದ ಸರಪಳಿಗಳಿವೆ, ಅವುಗಳಲ್ಲಿ ಹತ್ತಿರದವು ಹತ್ತಿರದವಕ್ಕೆ ಹೊಂದಿಕೊಂಡು ಕೂತಿರುತ್ತವೆ, ದೂರಕ್ಕೆ ಹೋದಂತೆ ಆ ಹೊಂದಿಕೆ ಇರುವುದಿಲ್ಲ. ಹತ್ತಿರದ ಶಿಸ್ತನ್ನು ಅವನು ಕಂಡದ್ದು ನಿಜ, ಆದರೆ ಅಯಸ್ಕಾಂತಗಳದ್ದಲ್ಲ, ನಿಮ್ಮ ರೇಷ್ಮೆಯದ್ದು. ಅದರಲ್ಲಿ ಹೊಸತೇನೂ ಇಲ್ಲ, ರೇಷ್ಮೆಯನ್ನು ಅಳೆದವರೆಲ್ಲ ಕಂಡದ್ದೇ.

ಓಂಕಾರಮೂರ್ತಿ ಸರ್‌ಗೆ ಫೋನ್ ಮಾಡಿದೆ. ಅಳತೆಯ ಅಂಕಿಗಳನ್ನು ಎರಡು ಸಲ ಓದಿಸಿಕೊಂಡರು. ಆಮೇಲೆ, “ದಿವ್ಯಾ, ಆ ಹರಳು ಪ್ರಪಂಚದಾಗೆ ನಮ್ ಹತ್ರ ಮಾತ್ರ ಐತೆ. ನಾವು ಕೊಡದೆ ಇನ್ನೊಬ್ರು ಅಳಿಯಕ್ಕಾಗಲ್ಲ. ಹೋದವನ ಹೆಸರಮ್ಮ ಅದು. ನನ್ನ ಹೆಸರೂ ಐತೆ, ಅದಕ್ಕೆ ಹೆದರ್ತಿಲ್ಲ. ಆ ತಾಯಿನ ನೆನೆಸ್ಕೊಂಡ್ರೆ ನನ್ ಕೈಲಿ ಆಗಲ್ಲ. ಸುಮ್ನೆ ಇದ್ಬಿಡೋಣ್ವಾ?” ಎಂದರು. ಅವರು ಕೆಟ್ಟವರಲ್ಲ. ಕೊನೆಗೆ, “ನೀನು ಹೆಂಗೆ ಅಂತೀಯೋ ಹಂಗೆ” ಎಂದು ಫೋನಿಟ್ಟರು.

ಸುಮ್ಮನಿದ್ದರೆ ಅವನು ಯಾರೂ ಕಾಣದ್ದನ್ನು ಕಂಡವನಾಗಿಯೇ ಉಳಿಯುತ್ತಾನೆ. ಬೊಮ್ಮಲಿಂಗಪ್ಪನವರು ನಾಕು ಮಾತು ಆಡುತ್ತಾರೆ, ನೀವು ಮುಂದಿನ ಸಾಲಿನಲ್ಲಿ ಕೂತು ಕೇಳುತ್ತೀರಿ. ಹೇಳಿದರೆ ಆ ಲೇಖನವನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು. ಅವನ ಹೆಸರು ಹುಡುಕಿದವರಿಗೆಲ್ಲ ಮೊದಲು ಕಾಣುವುದು ಆ ಮಾತೇ. ಅವನು ಬಂದು ತನ್ನ ಪರವಾಗಿ ಒಂದು ಮಾತು ಹೇಳುವಂತಿಲ್ಲ. ಅತ್ತ ದೂರದ ದೇಶದಲ್ಲಿ ಒಬ್ಬ ವಿದ್ಯಾರ್ಥಿನಿ ಇದೇ ದಿಬ್ಬವನ್ನು ನಂಬಿಕೊಂಡು ತನ್ನ ಪಿಎಚ್‌ಡಿಯ ಲೆಕ್ಕ ಹಾಕುತ್ತಿದ್ದಾಳೆ. ಲೆಕ್ಕ ಕೂಡುತ್ತಿಲ್ಲ, ನನ್ನದೇ ತಪ್ಪಿರಬೇಕು, ಸಹಾಯ ಮಾಡಿ ಎಂದು ನನಗೆ ಮೇಲ್ ಮಾಡಿದ್ದಾಳೆ. ಅವಳಿಗೂ ಉತ್ತರ ಬರೆದಿಲ್ಲ.

ನಿಮ್ಮ ಅಪ್ಪಣೆ ಕೇಳಲು ಈ ಕಾಗದ ಬರೆದೆನೋ, ಬರೀ ತಿಳಿಸಲು ಬರೆದೆನೋ, ನನಗೇ ಗೊತ್ತಿಲ್ಲ. ಸೀರೆಯಲ್ಲಿ ಇನ್ನೊಂದು ಮೊಳ ಏರುವ ಮುಂಚೆ ನಿಮಗೆ ಗೊತ್ತಾಗಲಿ ಎಂದಷ್ಟೇ ಅನಿಸಿತು. ಯುಗಾದಿಗೆ ಊರಿಗೆ ಬರುತ್ತೇನೆ. ಅಲ್ಲಿಯವರೆಗೆ ಫೋನ್ ಮಾಡಬೇಡಿ. ನನ್ನ ಮೇಲೆ ಕೋಪ ಬಂದರೆ ಇಟ್ಟುಕೊಂಡಿರಿ, ಬಂದಾಗ ಬೈಯುವಿರಂತೆ.

ದಿವ್ಯಾ


ಚಳ್ಳಕೆರೆ
16 ಏಪ್ರಿಲ್ 2025

ಪ್ರೀತಿಯ ಅತ್ತೆಗೆ,

ಊರಿನಿಂದ ಬಂದ ದಿನವೇ ಬರೆಯಬೇಕಿತ್ತು. ನೀವು ಕಟ್ಟಿಕೊಟ್ಟ ಹೋಳಿಗೆ ಮುಗಿಯಲಿ, ಆಮೇಲೆ ಬರೆಯೋಣ ಎಂದುಕೊಂಡೆ. ಮುಗಿದು ಬಹಳ ದಿನವಾಯಿತು. ಅಪ್ಪನಿಗೂ ಕೊಟ್ಟೆ. “ನೇಕಾರ್ರ ಹೋಳಿಗೆ ತೆಳ್ಳಗೆ ಅಂದ್ರೆ ತೆಳ್ಳಗೆ, ಬೆಳಕು ಕಾಣತೈತೆ” ಎಂದು ಹೊಗಳಿದನೋ ಆಡಿಕೊಂಡನೋ ಗೊತ್ತಾಗಲಿಲ್ಲ.

ನಾನು ಬಸ್ಸಿಳಿದು ಒಳಗೆ ಬಂದಾಗ ನೀವು ಕೇಳಿದ ಮೊದಲ ಮಾತು, “ನೂಲು ತಂದ್ಯೇನಮ್ಮ?” ಕೋಬಾಲ್ಟಿನ ಜೊತೆ ಅದು ರಿಯಾಕ್ಟರಿನೊಳಗಿದ್ದದ್ದು, ಅದಕ್ಕೆ ವಿಕಿರಣ ಅಂಟಿದೆ, ಬಹಳ ವರ್ಷ ಹೊರಗೆ ಕೊಡುವುದಿಲ್ಲ, ಸೀಸದ ಕಪಾಟಿನಲ್ಲಿ ಇಟ್ಟಿದ್ದಾರೆ ಎಂದೆ. “ಇಲಿ ಗಿಲಿ ಬರಲ್ವಾ ಅಲ್ಲಿ?” ಎಂದು ಕೇಳಿದಿರಿ. ಬರಲ್ಲ ಅತ್ತೆ ಎಂದೆ. “ಹಂಗಾದ್ರೆ ಇರ್ಲಿ” ಎಂದು ಒಳಗೆ ಹೋಗಿ ನೀರು ತಂದುಕೊಟ್ಟಿರಿ. ನೀವು ಬಯ್ಯುತ್ತೀರಿ ಎಂದು ದಾರಿಯುದ್ದಕ್ಕೂ ಸಿದ್ಧವಾಗಿ ಬಂದಿದ್ದವಳಿಗೆ ಆ ನೀರಿನ ಲೋಟ ಹಿಡಿದು ಏನು ಮಾಡಬೇಕೆಂದು ತಿಳಿಯಲಿಲ್ಲ.

ಕಾಗದವನ್ನು ನೀವು ನಾಲ್ಕು ಸಲ ಓದಿದಿರಂತೆ, ಶ್ರುತಿ ಹೇಳಿದಳು. ಊಟಕ್ಕೆ ಕೂತಾಗ ತಟ್ಟೆ ನೋಡಿಕೊಂಡೇ ಕೇಳಿದಿರಿ: “ಅಂದ್ರೆ ಅಲ್ಲಿ ಕಂಡಿದ್ದು ನಮ್ ನೂಲೇ ಏನಮ್ಮ?”

“ಹೌದತ್ತೆ.”

“ನಾ ಕೊಡುಕು, ನನ್ ಮಗ, ಅಷ್ಟು ದೊಡ್ಡ ಮಿಷನ್ನಾಗೆ ನೋಡಿದ್ದು ನಮ್ ಮನೇದೇ.”

“ಹೌದು.”

“ಅದನ್ನ ಬ್ಯಾರೆ ಅಂದ್ಕಂಡ.”

ನಾನು ತಲೆಯಾಡಿಸಿದೆ. ಮಾವನವರು ಅನ್ನ ಕಲಸುವುದನ್ನು ನಿಲ್ಲಿಸಿದ್ದರು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಸರ್ ಹೇಳಿದ್ದನ್ನೂ ನಾನು ಬಾಯಿಬಿಟ್ಟು ಹೇಳಿದೆ. ನೀವು ಹೂಂ ಎನ್ನಲಿ ಎಂದು ಕಾಯುತ್ತಿದ್ದೆ ಅತ್ತೆ. ನೀವು ಒಂದೇ ಒಂದು ಸಲ ‘ನನ್ ಮಗನ ಹೆಸರು ಕೆಡಿಸಬೇಡಮ್ಮ’ ಎಂದಿದ್ದರೆ ನಾನು ಸುಮ್ಮನಿದ್ದುಬಿಡುತ್ತಿದ್ದೆ. ಆ ವಿದ್ಯಾರ್ಥಿನಿಗೆ ಏನೋ ಒಂದು ಸುಳ್ಳು ಬರೆಯುತ್ತಿದ್ದೆ. ಅಷ್ಟಕ್ಕೆ ನಾನು ತಯಾರಿದ್ದೆ.

ನೀವು ಕೇಳಿದ್ದು ಬೇರೆ. “ನಮ್ಮಾಗೆ ತಪ್ಪು ಬಿದ್ರೆ ಬಿಚ್ತೀವಿ. ನಿಮ್ಮಾಗೆ ಬಿಚ್ಚಕ್ಕೆ ಬರ್ತೈತಾ?”

“ಬರುತ್ತೆ. ಆದ್ರೆ ಬಿಚ್ಚಿದ್ದು ಎಲ್ಲರಿಗೂ ಕಾಣುತ್ತೆ. ಅವನು ತಪ್ಪು ಮಾಡಿದ ಅಂತಲೇ ಉಳಿಯುತ್ತೆ.”

“ನೇಯ್ದೋನೇ ಬಿಚ್ಚಬೇಕು” ಎಂದರು ಮಾವ. ಮಗ ಹೋದ ಮೇಲೆ ಅವರು ಊಟದ ಹೊತ್ತಿನಲ್ಲಿ ಆಡಿದ ಮೊದಲ ಮಾತಂತೆ ಅದು.

“ಅವ್ನು ಎಲ್ಲಿಂದ ಬರ್ತಾನೆ?” ಎಂದಿರಿ ನೀವು. “ನೇಯೋನು ಇಲ್ದಿದ್ರೆ ಮನೆಯೋರು ಯಾರಾದ್ರೂ ಬಿಚ್ಚಬೇಕು. ತಪ್ಪು ಹಂಗೇ ಬಿಟ್ಟು ಮುಂದಕ್ಕೆ ನೇಯಕ್ಕಾಗ್ತೈತಾ?” ಆಮೇಲೆ ನನ್ನ ತಟ್ಟೆಗೆ ಅನ್ನ ಹಾಕುತ್ತಾ, “ನೀನೇ ಬಿಚ್ಚು. ಹೊರಗಿನೋರ ಕೈ ಬೀಳದು ಬ್ಯಾಡ” ಎಂದಿರಿ. ತಟ್ಟೆ ತುಂಬಿ ಅನ್ನ ನೆಲಕ್ಕೂ ಬಿತ್ತು. ಅದನ್ನು ನೀವೇ ಬಳಿದಿರಿ.

ಅಂಚಿನ ವಿಷಯ ನಾನೇ ಎತ್ತಿದೆ. ಆ ಗ್ರಾಫು ತಪ್ಪು ಎಂದಾದ ಮೇಲೆ ಅದೇ ಅಂಚು ನೇಯುವುದು ಬೇಡವೇನೋ ಎಂದೆ. ನಾನು ಸೀರೆಗೇ ಕತ್ತರಿ ಹಾಕಿದ ಹಾಗೆ ನೋಡಿದಿರಿ. “ಏಮ್ಮಾ, ಹುಚ್ಚೇನು ನಿನಗೆ? ಅದು ರೇಷ್ಮೆ ಗುಡ್ಡ ಅಂತ ನೀನೇ ಬರ್ದೀಯ. ರೇಷ್ಮೇಲಿ ನೇಯ್ದಿವಿ. ಎಲ್ಲೈತೆ ತಪ್ಪು?” ನನಗೆ ನಗು ಬಂತು, ಮಾವನವರಿಗೂ ಬಂತು. ಅವರು ಎದ್ದು ಕೈ ತೊಳೆದು ಮಗ್ಗದ ಗುಣಿಯೊಳಗೆ ಇಳಿದರು. ಮಧ್ಯಾಹ್ನವೆಲ್ಲ ಲಾಳಿಯ ಸದ್ದು ಕೇಳುತ್ತಿತ್ತು.

ಅಲ್ಲಿಂದ ಬಂದ ಮೇಲೆ ನಡೆದದ್ದನ್ನು ಶ್ರುತಿ ಫೋನಿನಲ್ಲಿ ಹೇಳಿದಳು. ನೀವು ಒಬ್ಬರೇ ಸೊಸೈಟಿಗೆ ಹೋಗಿದ್ದಿರಂತೆ. ಜನ ಇರುವ ಹೊತ್ತು ನೋಡಿಯೇ ಹೋಗಿ, ಬೊಮ್ಮಲಿಂಗಪ್ಪನವರ ಮೇಜಿನ ಮುಂದೆ ನಿಂತು, “ನನ್ ಮಗ ಕಂಡಿದ್ದು ಅದಲ್ಲವಂತ್ರಿ. ನಾನು ಎಲ್ಲಾರಿಗೂ ಹೇಳ್ಕಂಡು ಬಂದಿದ್ದೆ, ಈಗ ಇದ್ನೂ ನಾನೇ ಹೇಳಬೇಕಲ್ಲ, ಅದಕ್ಕೆ ಬಂದೆ” ಎಂದಿರಂತೆ. ಅವರು ಕುರ್ಚಿ ಕೊಟ್ಟರೂ ಕೂರಲಿಲ್ಲವಂತೆ. ಯಾರೋ ಪಾಪ ಎಂದದ್ದಕ್ಕೆ, “ಪಾಪ ಯಾಕೆ? ನನ್ ಸೊಸೆ ಕಂಡುಹಿಡಿದ್ಲು” ಎಂದು ಹೊರಟು ಬಂದಿರಂತೆ. ಮನೆಗೆ ಬಂದವರು ಸಂಜೆಯವರೆಗೂ ಗೋಡೆಯ ಕಡೆ ಮುಖ ಮಾಡಿ ಮಲಗಿದಿರಿ ಎಂದೂ ಶ್ರುತಿ ಹೇಳಿದಳು. ನೀವು ಹೇಳಬೇಡ ಎಂದಿದ್ದನ್ನೂ ಹೇಳಿದಳು, ಅವಳನ್ನು ಬೈಯಬೇಡಿ.

ನಿಮಗೆ ಇದೆಲ್ಲ ನನ್ನಿಂದ ಆದದ್ದು ಎಂದು ಅನಿಸಿದರೆ ಅದು ಸರಿಯೇ. ನಾನು ಮುಂಬೈಗೆ ಹೋಗದಿದ್ದರೆ ಗುಡ್ಡ ಇರುತ್ತಿತ್ತು. ಆದರೂ ನನ್ನನ್ನು ಊಟಕ್ಕೆ ಕೂರಿಸಿದಿರಿ, ಹೋಳಿಗೆ ಕಟ್ಟಿಕೊಟ್ಟಿರಿ, ಬಸ್ ಸ್ಟ್ಯಾಂಡಿನವರೆಗೆ ಬಂದು ಕಿಟಕಿಯಲ್ಲಿ ಕೈ ಹಾಕಿ ನನ್ನ ಕೆನ್ನೆ ಮುಟ್ಟಿದಿರಿ. ಹೆತ್ತವಳು ನನ್ನನ್ನು ಚಿಕ್ಕಂದಿನಲ್ಲೇ ಬಿಟ್ಟುಹೋದವಳು, ನಿಮಗೆ ಗೊತ್ತು. ನನಗೆ ಇರುವ ಅಮ್ಮ ನೀವೊಬ್ಬರೇ.

ವರ್ಷದ ಕಾರ್ಯಕ್ಕೆ ನಾಲ್ಕು ದಿನ ಮುಂಚೆ ಬರುತ್ತೇನೆ. ಸೀರೆ ಉಡುತ್ತೇನೆ, ಯಾರು ಏನಾದರೂ ಅನ್ನಲಿ. ಮಾವನವರ ಕಣ್ಣಿನ ಡ್ರಾಪ್ಸ್ ತರುತ್ತೇನೆ, ಶ್ರುತಿ ಕೇಳಿದ ಪುಸ್ತಕ ತರುತ್ತೇನೆ. ನೀವು ಹಗಲು ಹೊತ್ತು ಸ್ವಲ್ಪ ಮಲಗಿ, ಗೋಡೆಯ ಕಡೆಗಲ್ಲ, ಸುಮ್ಮನೆ ದಣಿವಿಗೆ. ನಿಮ್ಮ ಹರಕೆಯ ಕೈ ನನ್ನ ತಲೆಯ ಮೇಲಿರಲಿ, ನಮ್ಮ ಮನೆಯ ಮಗ್ಗ ನಿಲ್ಲದಿರಲಿ.

ನಿಮ್ಮ ಕೋಡಲು,
ದಿವ್ಯಾ

ತಾ.ಕ.: ಲೇಖನ ಹಿಂತೆಗೆದುಕೊಳ್ಳುವ ಟಿಪ್ಪಣಿಯನ್ನು ನಿನ್ನೆ ಕಳಿಸಿದೆ. ಆ ವಿದ್ಯಾರ್ಥಿನಿಗೂ ಬರೆದೆ, ನಿನ್ನ ಲೆಕ್ಕ ಸರಿ, ತಪ್ಪು ನಮ್ಮದು ಎಂದು. ನಮ್ಮ ಬರಹಗಳಲ್ಲಿ ‘ನಾನು’ ಎಂದು ಬರೆಯುವ ರೂಢಿಯಿಲ್ಲ ಅತ್ತೆ. ನಾವು ಅಳೆದೆವು, ನಾವು ಕಂಡೆವು ಎಂದೇ ಬರೆಯುವುದು. ಈ ಟಿಪ್ಪಣಿಯಲ್ಲೂ ‘ನಾವು ರೇಷ್ಮೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ’ ಎಂದು ಬರೆದೆ. ಬರೆಯುವಷ್ಟು ದಿನವೂ ಅವನ ಜೊತೆ ಜಗಳವಾಡುತ್ತಿದ್ದೆ. ಖಾಲಿ ಡಬ್ಬಿ ಅಳೆಯದೆ ಯಾಕೆ ಎದ್ದು ಬಂದೆಯೋ, ನಿನಗೇನು ಆತುರ ಇತ್ತೋ ಎಂದು ಅಡುಗೆ ಮಾಡುತ್ತಾ ಬಟ್ಟೆ ಒಣಹಾಕುತ್ತಾ ಬೈಯುತ್ತಿದ್ದೆ. ಪಕ್ಕದ ಕೋಣೆಯಲ್ಲಿ ಇರುವವನನ್ನು ಬೈದ ಹಾಗೆ. ಕಳಿಸಿದ ಮೇಲೆ ಬೈಯಲು ಏನೂ ಉಳಿಯಲಿಲ್ಲ. ಇವತ್ತು ಬೆಳಿಗ್ಗೆ ಹೊಸ ಕೆಲಸ ಒಂದರ ಮೊದಲ ಸಾಲು ಬರೆಯಲು ಕೂತು, ರೂಢಿಯಂತೆ ‘ನಾವು’ ಎಂದು ಬರೆದೆ. ಬರೆದು, ಕಾಫಿ ಕೊಡುತ್ತೀಯಾ ಎಂದು ಕೇಳಲು ಅವನು ಕೂರುತ್ತಿದ್ದ ಕಡೆ ತಿರುಗಿದೆ. ಅತ್ತೆ, ನಾಗಾರ್ಜುನ ಸತ್ತುಹೋಗಿದ್ದಾನೆ.